ಮೆನುವಿನಲ್ಲಿ ಹೆಸರಿದೆ, ಬೆಲೆಯಿದೆ, ಅಳತೆ ಎಲ್ಲಿ?

ಅಂಗಡಿಯಲ್ಲಿ ಚಿಕ್ಕದೊಂದು ಬಿಸ್ಕತ್ತಿನ ಪೊಟ್ಟಣ ಕೊಂಡರೂ ಅದರ ಮೇಲೆ ನಿವ್ವಳ ತೂಕ ಅಚ್ಚಾಗಿರುತ್ತದೆ. ಅದರ ಹತ್ತು ಪಟ್ಟು ದುಡ್ಡು ಕೊಟ್ಟು ತರಿಸುವ ಊಟಕ್ಕೆ ಮಾತ್ರ ತೂಕವೂ ಇಲ್ಲ, ಎಣಿಕೆಯೂ ಇಲ್ಲ. ಮೆನು ಕಾರ್ಡಿನಲ್ಲಿ ತಿನಿಸಿನ ಹೆಸರಿರುತ್ತದೆ, ಬಾಯಲ್ಲಿ ನೀರೂರಿಸುವ ಎರಡು ಸಾಲಿರುತ್ತದೆ, ಬಲತುದಿಯಲ್ಲಿ ಬೆಲೆಯಿರುತ್ತದೆ. ತಟ್ಟೆ ಬಂದ ಮೇಲೇ ಗೊತ್ತಾಗುವುದು: ಒಬ್ಬರಿಗೂ ಸಾಲದೋ, ಮೂವರಿಗೂ ಮಿಕ್ಕುತ್ತದೋ ಅಂತ.

ಅಳತೆ ಯಾರಿಗೂ ಗೊತ್ತಿಲ್ಲ ಎಂದಲ್ಲ. ಕ್ರಮವಾಗಿ ನಡೆಯುವ ಯಾವ ಅಡುಗೆಮನೆಯಲ್ಲೂ ಪ್ರತಿ ತಿನಿಸಿಗೆ ಒಂದು ಚೀಟಿ ಇರುತ್ತದೆ. ಮಾಂಸ ಇಷ್ಟು ಗ್ರಾಂ, ಗ್ರೇವಿ ಇಷ್ಟು ಮಿಲಿ, ಅನ್ನ ಇಷ್ಟು ಸೌಟು. ಆ ಲೆಕ್ಕವಿಲ್ಲದೆ ಬೆಲೆ ಕಟ್ಟುವುದಕ್ಕೇ ಆಗುವುದಿಲ್ಲ. ಬಡಿಸುವ ಸೌಟುಗಳ ಹಿಡಿಯ ಮೇಲೆ ಎಷ್ಟು ಮಿಲಿ ಎಂದು ಕೊರೆದಿರುತ್ತದೆ. ಒತ್ತಿದರೆ ಉಂಡೆ ಕಳಚುವ ಸ್ಕೂಪಿನ ಮೇಲೆ ಒಂದು ನಂಬರ್ ಇರುತ್ತದೆ. ಅಮೆರಿಕದ ಒಂದು ಕ್ವಾರ್ಟ್, ಅಂದರೆ 946 ಮಿಲಿ ಪದಾರ್ಥ ಆ ಸ್ಕೂಪಿನಲ್ಲಿ ಎಷ್ಟು ಉಂಡೆಯಾಗುತ್ತದೆ ಎಂಬುದೇ ಆ ನಂಬರ್. ಹಾಗಾಗಿ 8ನೇ ನಂಬರಿನ ಸ್ಕೂಪು ಸುಮಾರು 118 ಮಿಲಿ ಹಿಡಿದರೆ 16ನೇ ನಂಬರಿನದು 59 ಮಿಲಿ ಹಿಡಿಯುತ್ತದೆ. ನಂಬರ್ ದೊಡ್ಡದಾದಷ್ಟೂ ಉಂಡೆ ಚಿಕ್ಕದು. ಇಷ್ಟು ನಿಖರವಾದ ಲೆಕ್ಕ ಒಲೆಯ ಪಕ್ಕದಲ್ಲೇ ಇದ್ದು, ದುಡ್ಡು ಕೊಡುವವರ ಕಣ್ಣಿಗೆ ಮಾತ್ರ ಬೀಳದಿರುವುದು ಸರಿಯಲ್ಲ.

ಹಾಗಾದರೆ ಕೇಳಿ ತಿಳಿಯಬೇಕು. ಆದರೆ ಎಲ್ಲರೂ ಕೇಳುವ ಪ್ರಶ್ನೆ, "ಇದು ಎಷ್ಟು ಜನಕ್ಕೆ ಆಗುತ್ತೆ?" ಈ ಪ್ರಶ್ನೆಯಿಂದ ಉಪಯೋಗ ಕಡಿಮೆ. ಸಪ್ಲೈಯರ್ ತನಗೆ ತೋಚಿದ ಹೊಟ್ಟೆಯನ್ನು ಅಳತೆಗಿಟ್ಟುಕೊಂಡು ಉತ್ತರ ಹೇಳುತ್ತಾರೆ. ಬರೀ ಅದೊಂದನ್ನೇ ತಿನ್ನುವವರಿಗೋ, ಜೊತೆಗೆ ಇನ್ನೆರಡು ತರಿಸುವವರಿಗೋ ಎಂಬುದೂ ಅದರಲ್ಲಿ ಇರುವುದಿಲ್ಲ. "ಆರಾಮಾಗಿ ಇಬ್ಬರಿಗೆ" ಎಂಬ ಉತ್ತರ ಸುಳ್ಳಲ್ಲ, ಆದರೆ ಅದರಿಂದ ಲೆಕ್ಕ ಹಾಕಲಾಗದು. ಎಣಿಸಲು ಅಥವಾ ಅಳೆಯಲು ಬರುವುದನ್ನೇ ಕೇಳಿ. ಎಷ್ಟು ತುಂಡು? ಒಂದೊಂದು ಎಷ್ಟು ದೊಡ್ಡದು? ಮೂಳೆ ಸೇರಿಯೋ, ಬಿಟ್ಟೋ? ಯಾವ ಬಟ್ಟಲಲ್ಲಿ ಬರುತ್ತೆ, ಖಾಲಿಯದೊಂದು ತೋರಿಸ್ತೀರಾ? ಕೊನೆಯದನ್ನು ಕೇಳಲು ಸಂಕೋಚ ಬೇಡ. ಬಟ್ಟಲು ತಂದು ತೋರಿಸಲು ಅರ್ಧ ನಿಮಿಷ ಸಾಕು, ಅದರಿಂದ ಸಿಗುವ ಅಂದಾಜು ಹತ್ತು ಮಾತಿಗಿಂತ ಮೇಲು.

ತೂಕ ಬರೆದಿರುವ ಕಡೆಯೂ ಎಚ್ಚರ ಬೇಕು. ಮಾಂಸದ ಮುಂದೆ 200 ಗ್ರಾಂ ಎಂದಿದ್ದರೆ ಬಹುಮಟ್ಟಿಗೆ ಅದು ಹಸಿ ತೂಕ. ಬೇಯುವಾಗ ನಾರುಗಳು ಬಿಗಿದುಕೊಂಡು ನೀರು ಹೊರಗೆ ಬರುತ್ತದೆ, ಕೊಬ್ಬು ಕರಗಿ ಇಳಿಯುತ್ತದೆ. ಹೀಗೆ ಸುಮಾರು ಕಾಲು ಭಾಗ ಹೋಗಿ ತಟ್ಟೆಗೆ 150 ಗ್ರಾಂ ಬರುತ್ತದೆ. ಮೂಳೆ ಇದ್ದರೆ ಇನ್ನೂ ಕಡಿಮೆ. 300 ಗ್ರಾಂ ಹಸಿ ತೂಕದ ಕೋಳಿಕಾಲಿನಲ್ಲಿ ಬಾಯಿಗೆ ಸಿಗುವುದು ಹೆಚ್ಚುಕಡಿಮೆ ಅದರ ಅರ್ಧ. ತಲೆ, ಚಿಪ್ಪು ಬಿಡಿಸದ ಸೀಗಡಿಯದೂ ಇದೇ ಕತೆ. ಅಕ್ಕಿ, ಪಾಸ್ತಾ ಇದಕ್ಕೆ ತಿರುಗುಮುರುಗು: ಬೇಯುವಾಗ ನೀರು ಕುಡಿಯುತ್ತವೆ. 75 ಗ್ರಾಂ ಅಕ್ಕಿ ಬೆಂದು 200 ಗ್ರಾಂ ಅನ್ನವಾಗುತ್ತದೆ, ಒಣ ಪಾಸ್ತಾ ಎರಡು ಪಟ್ಟಿಗೂ ಮೀರುತ್ತದೆ. ಹೀಗಾಗಿ "ಹಸಿಯದೋ, ಬೆಂದದ್ದೋ" ಎಂದು ಕೇಳದೆ ಗ್ರಾಂ ಲೆಕ್ಕವನ್ನು ನಂಬಿ ಕೂರುವ ಹಾಗಿಲ್ಲ.

ತುಂಡುಗಳ ಎಣಿಕೆಯೂ ಹಾಗೆಯೇ. ಆರು ತುಂಡು ಎಂದರೆ ಏನೂ ಹೇಳಿದಂತಾಗಲಿಲ್ಲ. ಎರಡೂವರೆ ಸೆಂಟಿಮೀಟರ್ ಬದಿಯ ಚೌಕದ ತುಂಡು 16 ಗ್ರಾಂ ಆಸುಪಾಸು ತೂಗುತ್ತದೆ. ಬದಿ ಮೂರೂವರೆ ಸೆಂಟಿಮೀಟರ್ ಆದರೆ ಅದೇ ತುಂಡು 43 ಗ್ರಾಂ. ಕಣ್ಣಿಗೆ ಕಾಣುವ ವ್ಯತ್ಯಾಸ ಒಂದು ಬೆರಳಗಲವೂ ಇಲ್ಲ, ತೂಕದಲ್ಲಿ ಎರಡೂವರೆ ಪಟ್ಟಿಗಿಂತ ಹೆಚ್ಚು. ಗ್ರೇವಿಯ ತಿನಿಸುಗಳಲ್ಲಿ ಈ ಪ್ರಶ್ನೆ ಇನ್ನೂ ಮುಖ್ಯ. ಬಟ್ಟಲು ತುಂಬಿಯೇ ಬರುತ್ತದೆ, ಆದರೆ ಅದರಲ್ಲಿ ತುಂಡೆಷ್ಟು, ರಸವೆಷ್ಟು ಎಂಬುದು ಸೌಟು ಹಿಡಿದವರ ಕೈಯಲ್ಲಿದೆ. ಪಾತ್ರೆಯ ತಳದಿಂದ ಎತ್ತಿದರೆ ಒಂದು, ಮೇಲಿಂದ ಎತ್ತಿದರೆ ಇನ್ನೊಂದು. ಅದಕ್ಕೇ ಒಳ್ಳೆಯ ಅಡುಗೆಮನೆಗಳಲ್ಲಿ ತುಂಡುಗಳನ್ನು ಬೇರೆ ಎಣಿಸಿ ಹಾಕಿ ಆಮೇಲೆ ರಸ ಸುರಿಯುತ್ತಾರೆ.

ಕಣ್ಣಳತೆ ಅತಿಹೆಚ್ಚು ಸೋಲುವುದು ಬಟ್ಟಲಿನ ವಿಷಯದಲ್ಲಿ. ಸೂಪಿಗೆ ಎರಡು ಬಗೆಯ ಬಟ್ಟಲು ಬಳಸುತ್ತಾರೆ. ಒಂದು, ಅಗಲ ಅಂಚಿನ ತಟ್ಟೆಯಂಥದ್ದು. ಅಂಚಿನಿಂದ ಅಂಚಿಗೆ 26 ಸೆಂಟಿಮೀಟರ್. ಮೇಜಿನ ಮೇಲೆ ಅರ್ಧ ಜಾಗ ಹಿಡಿಯುತ್ತದೆ. ಆದರೆ ನಡುವಿನ ಗುಂಡಿಯ ಅಗಲ 12 ಸೆಂಟಿಮೀಟರ್, ಆಳ ಎರಡೂವರೆ ಸೆಂಟಿಮೀಟರ್ ಅಷ್ಟೇ. ಮಟ್ಟಸವಾಗಿ ತುಂಬಿದರೂ 280 ಮಿಲಿ ದಾಟುವುದಿಲ್ಲ. ಇನ್ನೊಂದು, ಅರ್ಧ ಗೋಳದಂಥ ಗುಂಡು ಬಟ್ಟಲು. ಬಾಯಗಲ 14 ಸೆಂಟಿಮೀಟರ್, ಎರಡು ಅಂಗೈಯಲ್ಲಿ ಹಿಡಿಯುವಷ್ಟು. ನೋಡಲು ಪುಟ್ಟದು. ಅಂಚಿನವರೆಗೆ ತುಂಬಿದರೆ 700 ಮಿಲಿ! ಮೆನುವಿನಲ್ಲಿ ಎರಡಕ್ಕೂ ಇರುವ ಹೆಸರು ಒಂದೇ, "ಬೌಲ್". ಒಂದು ನಾಲಿಗೆ ಚುರುಕಾಗಲು ಸಾಕು, ಇನ್ನೊಂದು ಊಟವೇ ಆಗಿಬಿಡುತ್ತದೆ. ಬಟ್ಟಲು ಕಂಡಾಗ ಅಗಲ ನೋಡಬೇಡಿ, ಆಳ ನೋಡಿ.

ಈ ಮೋಸ ಕಣ್ಣಿನದೇ. ಬೆಲ್ಜಿಯಂನ ಮನೋವಿಜ್ಞಾನಿ ಜೋಸೆಫ್ ಡೆಲ್ಬೂಫ್ ಇದನ್ನು 1865ರಲ್ಲಿ ವಿವರಿಸಿದ್ದರು: ಒಂದೇ ಅಳತೆಯ ಎರಡು ವೃತ್ತಗಳಲ್ಲಿ ಒಂದರ ಸುತ್ತ ದೊಡ್ಡ ಉಂಗುರ, ಇನ್ನೊಂದರ ಸುತ್ತ ಅಂಟಿದಂತೆ ಚಿಕ್ಕ ಉಂಗುರ ಬರೆದರೆ, ಮೊದಲನೆಯದು ಚಿಕ್ಕದಾಗಿಯೂ ಎರಡನೆಯದು ದೊಡ್ಡದಾಗಿಯೂ ಕಾಣುತ್ತದೆ. ದೊಡ್ಡ ತಟ್ಟೆಯ ನಡುವೆ ಇಟ್ಟ ತಿನಿಸು ಕಡಿಮೆ ಎನಿಸುವುದು, ಅದನ್ನೇ ಪುಟ್ಟ ತಟ್ಟೆಗೆ ಸುರಿದರೆ ತುಂಬಿತುಳುಕುವುದು ಇದರಿಂದಲೇ. ಮೆನುವಿನ ಫೋಟೋ ಅಂತೂ ಅಳತೆಯ ಬಗ್ಗೆ ಏನೂ ಹೇಳುವುದಿಲ್ಲ. ಹತ್ತಿರದಿಂದ ತೆಗೆದರೆ ಯಾವುದೂ ದೊಡ್ಡದೇ. ಫೋಟೋದಲ್ಲಿ ಚಮಚವೋ ನಿಂಬೆ ಹೋಳೋ ಇದ್ದರೆ ಅದಕ್ಕೆ ಹೋಲಿಸಿ ನೋಡಬಹುದು.

ಪಿಜ್ಜಾಕ್ಕೆ ಇಂಚಿನ ಅಳತೆ ಬರೆದಿರುತ್ತಾರೆ, ಅದು ಒಳ್ಳೆಯದೇ. ಆದರೆ ಇಂಚು ಅಡ್ಡಗಲದ ಲೆಕ್ಕ. ನಾವು ತಿನ್ನುವುದು ವಿಸ್ತೀರ್ಣವನ್ನು. 8 ಇಂಚಿನದು ಸುಮಾರು 50 ಚದರ ಇಂಚು, 12 ಇಂಚಿನದು 113. ಅಂದರೆ 8 ಇಂಚಿನ ಎರಡನ್ನು ತರಿಸಿದರೂ 12 ಇಂಚಿನ ಒಂದಕ್ಕೆ ಸಮವಾಗುವುದಿಲ್ಲ. 16 ಇಂಚಿನದು 201 ಚದರ ಇಂಚು, 8 ಇಂಚಿನ ನಾಲ್ಕಕ್ಕೆ ಸಮ. ಬೆಲೆಯನ್ನು ಚದರ ಇಂಚಿನಿಂದ ಭಾಗಿಸಿ ನೋಡಿದರೆ ದೊಡ್ಡದು ಬಹಳ ಸಲ ಅಗ್ಗವಾಗಿರುತ್ತದೆ. ಹಾಗೆಂದು ತಿನ್ನಲಾರದಷ್ಟು ತರಿಸುವುದು ಉಳಿತಾಯವಲ್ಲ.

"ಹಾಫ್", "ಫುಲ್" ಎಂಬಲ್ಲಿ ಹಾಫ್ ಎಂದರೆ ಅರ್ಧ ಎಂದುಕೊಳ್ಳಬೇಡಿ. ಗ್ಯಾಸು, ಕೆಲಸ, ಪಾತ್ರೆ ತೊಳೆಯುವ ಖರ್ಚು ಎರಡಕ್ಕೂ ಹತ್ತಿರ ಹತ್ತಿರ ಒಂದೇ ಆದ್ದರಿಂದ ಹಾಫ್‌ನ ಬೆಲೆ ಅರ್ಧಕ್ಕಿಂತ ಜಾಸ್ತಿಯೇ ಇಡುತ್ತಾರೆ. ಪ್ರಮಾಣ ಅದಕ್ಕೆ ತಕ್ಕ ಹಾಗಿದೆಯೇ ಎಂಬುದು ಪ್ರಶ್ನೆ. ಫುಲ್ 400 ಗ್ರಾಂ ಇದೆ, ಹಾಫ್‌ನ ಬೆಲೆ ಫುಲ್‌ನ ಶೇ. 60 ಎಂದಿಟ್ಟುಕೊಳ್ಳಿ. ಹಾಫ್‌ನಲ್ಲಿ 250 ಗ್ರಾಂ ಕೊಟ್ಟರೆ ಗ್ರಾಂ ಲೆಕ್ಕದಲ್ಲಿ ಹಾಫೇ ತುಸು ಅಗ್ಗ. 200 ಗ್ರಾಂ ಕೊಟ್ಟರೆ ಗ್ರಾಮಿಗೆ ಶೇ. 20 ಹೆಚ್ಚು ತೆತ್ತಂತೆ. ಎರಡು ಹಾಫ್ ತರಿಸುವ ಮುಂಚೆ ಒಂದು ಫುಲ್‌ನ ಪ್ರಮಾಣ ಕೇಳಿಕೊಳ್ಳಿ.

ಪ್ರಮಾಣ ಬರೆಯದ ಮೆನುವಿನಲ್ಲೂ ಒಂದು ಸುಳಿವು ಸಿಗುವುದುಂಟು: ಕ್ಯಾಲೊರಿ. ಅಮೆರಿಕದಲ್ಲಿ 20 ಅಥವಾ ಹೆಚ್ಚು ಶಾಖೆಗಳಿರುವ ರೆಸ್ಟೋರೆಂಟ್ ಸರಣಿಗಳು 2018ರ ಮೇ ತಿಂಗಳಿಂದ, ಇಂಗ್ಲೆಂಡಿನಲ್ಲಿ 250 ಅಥವಾ ಹೆಚ್ಚು ಉದ್ಯೋಗಿಗಳಿರುವ ಸಂಸ್ಥೆಗಳು 2022ರ ಏಪ್ರಿಲ್‌ನಿಂದ ಮೆನುವಿನಲ್ಲಿ ಕ್ಯಾಲೊರಿ ಬರೆಯಲೇಬೇಕು. ಆ ಅಂಕಿಯಿಂದ ಹಿಂದಕ್ಕೆ ಲೆಕ್ಕ ಹಾಕಬಹುದು. ಬರೀ ಅನ್ನ 100 ಗ್ರಾಮಿಗೆ ಸುಮಾರು 130 ಕಿಲೋಕ್ಯಾಲೊರಿ, ಎಣ್ಣೆ ಹೆಚ್ಚಿಲ್ಲದೆ ಸುಟ್ಟ ಕೋಳಿಯ ಎದೆಭಾಗ 165, ಕರಿದ ಆಲೂಗಡ್ಡೆ ಫ್ರೈಸ್ 300 ಆಸುಪಾಸು. ಫ್ರೈಸ್‌ನ ಮುಂದೆ 450 ಎಂದಿದ್ದರೆ ಅದು ನೂರೈವತ್ತು ಗ್ರಾಂ. ಈ ಉಪಾಯ ಕೆಡುವುದು ಎಣ್ಣೆ, ಬೆಣ್ಣೆ ಜಾಸ್ತಿಯಿದ್ದಲ್ಲಿ. ಒಂದು ದೊಡ್ಡ ಚಮಚ ಎಣ್ಣೆಯೇ 120 ಕಿಲೋಕ್ಯಾಲೊರಿ ಆದ್ದರಿಂದ, ಎಲೆಗಳ ಸಲಾಡಿನ ಮುಂದೆ 600 ಕಂಡರೆ ಎಲೆ ರಾಶಿಯಿದೆ ಎಂದಲ್ಲ, ಮೇಲೆ ಸುರಿದ ಡ್ರೆಸಿಂಗ್ ಧಾರಾಳವಾಗಿದೆ ಎಂದರ್ಥ.

ತಂಪು ಪಾನೀಯದ ಬಗ್ಗೆ ಒಂದೇ ಮಾತು: 400 ಮಿಲಿ ಲೋಟದ ಕಂಠದವರೆಗೆ ಐಸ್ ತುಂಬಿದರೆ ಪಾನೀಯಕ್ಕೆ ಉಳಿಯುವುದು ಸುಮಾರು ಅರ್ಧ ಜಾಗ. ಐಸ್ ಕಡಿಮೆ ಹಾಕಿ ಎಂದು ಮೊದಲೇ ಹೇಳಿ.

ಪಾರ್ಸೆಲ್ ತರಿಸುವಾಗ ಬಟ್ಟಲು ನೋಡುವ ಅವಕಾಶವಿಲ್ಲ, ಆದರೆ ಡಬ್ಬಿಯ ಅಳತೆ ಕೇಳಬಹುದು. 250, 500, 750, 1000 ಮಿಲಿ ಡಬ್ಬಿಗಳು ಎಲ್ಲೆಡೆ ಬಳಕೆಯಲ್ಲಿವೆ, ತಳದಲ್ಲಿ ಬಹಳ ಸಲ ಉಬ್ಬಕ್ಷರದಲ್ಲಿ ಬರೆದಿರುತ್ತದೆ. ಮಿಲಿ ಬೇರೆ, ಗ್ರಾಂ ಬೇರೆ ಎಂಬುದು ನೆನಪಿರಲಿ. 500 ಮಿಲಿ ಡಬ್ಬಿ ತುಂಬ ಗ್ರೇವಿ ಹಾಕಿದರೆ ಹೆಚ್ಚುಕಡಿಮೆ 500 ಗ್ರಾಂ. ಉದುರುದುರಾದ ಅನ್ನವಾದರೆ 330ರಿಂದ 400 ಗ್ರಾಂ. ಬರೀ ಸೊಪ್ಪಿನ ಸಲಾಡಾದರೆ 100 ಗ್ರಾಂ ತಲುಪುವುದೂ ಕಷ್ಟ. ಬಂದದ್ದು ಕಡಿಮೆ ಎನಿಸಿದರೆ ಕೈಹಾಕುವ ಮುಂಚೆ ಡಬ್ಬಿಯನ್ನು ಅಡುಗೆಮನೆಯ ತಕ್ಕಡಿಯ ಮೇಲಿಟ್ಟು ಫೋಟೋ ತೆಗೆಯಿರಿ. "ಸ್ವಲ್ಪ ಇತ್ತು" ಎಂಬ ದೂರಿಗೆ ಉತ್ತರ ಸಿಗುವುದಿಲ್ಲ, "210 ಗ್ರಾಂ ಇತ್ತು" ಎಂಬುದಕ್ಕೆ ಸಿಗುತ್ತದೆ.

ಗುಂಪಿನಲ್ಲಿ ಹೋದಾಗ ಎಲ್ಲವನ್ನೂ ಒಮ್ಮೆಗೇ ಆರ್ಡರ್ ಮಾಡುವುದೇ ದೊಡ್ಡ ತಪ್ಪು. ಹಸಿದವರಿಗೆ ಎಲ್ಲವೂ ಬೇಕೆನಿಸುತ್ತದೆ. ಒಬ್ಬ ವಯಸ್ಕರಿಗೆ ಬೆಂದ ಆಹಾರ ಒಟ್ಟು 500 ಗ್ರಾಂ ಎಂದು ಲೆಕ್ಕಕ್ಕೆ ಹಿಡಿಯಿರಿ. ಸ್ಟಾರ್ಟರ್, ಸೂಪು, ಸಿಹಿ ಎಲ್ಲ ಅದರೊಳಗೇ. ಹಂಚಿಕೊಂಡು ತಿನ್ನುವುದಾದರೆ ಮೊದಲ ಸುತ್ತಿಗೆ ತಲೆಯೆಣಿಕೆಗಿಂತ ಒಂದು ತಿನಿಸು ಕಡಿಮೆ ಹೇಳಿ, ಬಂದ ಪ್ರಮಾಣ ನೋಡಿ ಎರಡನೆಯ ಸುತ್ತು ನಿರ್ಧರಿಸಿ. ಅಡುಗೆಮನೆ ಎಷ್ಟು ಹೊತ್ತಿಗೆ ಮುಚ್ಚುತ್ತದೆ ಎಂದು ಮೊದಲೇ ಕೇಳಿಕೊಂಡಿದ್ದರೆ ಈ ಕ್ರಮ ಕೈಕೊಡುವುದಿಲ್ಲ. ತಟ್ಟೆಯಲ್ಲಿ ಹೆಚ್ಚಿದ್ದರೆ ನಮಗರಿವಿಲ್ಲದೆ ಹೆಚ್ಚು ತಿನ್ನುತ್ತೇವೆ ಎಂಬುದು ಬರೀ ಅನುಭವದ ಮಾತಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಬಾರ್ಬರಾ ರೋಲ್ಸ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದೇ ತಿನಿಸನ್ನು 500 ಗ್ರಾಮಿನ ಬದಲು 1000 ಗ್ರಾಂ ಕೊಟ್ಟಾಗ ಜನ ಶೇ. 30ರಷ್ಟು ಹೆಚ್ಚು ತಿಂದರು.

ಮಿಕ್ಕಿದ್ದನ್ನು ಕಟ್ಟಿಸಿಕೊಳ್ಳುವುದಾದರೆ ಎರಡು ಗಂಟೆಯೊಳಗೆ ಫ್ರಿಜ್ ಸೇರಬೇಕು. ಅನ್ನದ ವಿಷಯದಲ್ಲಂತೂ ಉದಾಸೀನ ಬೇಡ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಕುದಿಯುವ ನೀರಿನಲ್ಲೂ ಬದುಕುಳಿದು, ಅನ್ನ ಹೊರಗೆ ಉಳಿದಾಗ ಬೆಳೆದು ವಿಷ ಬಿಡುತ್ತವೆ; ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

ಇಷ್ಟೆಲ್ಲ ಅಂದಾಜು, ಲೆಕ್ಕಾಚಾರ ಗಿರಾಕಿಯ ಪಾಲಿಗೆ ಬಂದಿರುವುದು ಮೆನುವಿನಲ್ಲಿ ಅರ್ಧ ಸಾಲು ಬರೆಯದ್ದರಿಂದ. ಹೋಟೆಲ್ ನಡೆಸುವವರಿಗೆ "ಕೈಯಲ್ಲಿ ಬಡಿಸುವಾಗ ಹತ್ತಿಪ್ಪತ್ತು ಗ್ರಾಂ ಹೆಚ್ಚುಕಡಿಮೆ ಆಗುತ್ತೆ, ಜಗಳ ಬರುತ್ತೆ" ಎಂಬ ಭಯವಿರುತ್ತದೆ. ಅದು ನ್ಯಾಯವಾದ ಭಯವೇ. ಅದಕ್ಕೆ "ಸುಮಾರು" ಎಂಬ ಪದ ಸೇರಿಸಿದರಾಯಿತು. ತುಂಡಿದ್ದರೆ ಎಣಿಕೆ, ರಸವಿದ್ದರೆ ಮಿಲಿ, ಮಾಂಸವಿದ್ದರೆ ಹಸಿಯೋ ಬೆಂದದ್ದೋ ಎಂಬ ಮಾತು. ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಹೀಗಿದ್ದರೆ ಸಾಕು: "6 ತುಂಡು, ಮೂಳೆ ಇಲ್ಲ, ಬೆಂದ ಮೇಲೆ ಸುಮಾರು 180 ಗ್ರಾಂ, ಗ್ರೇವಿ 200 ಮಿಲಿ."