ಮೈನಸ್ 30ರಲ್ಲಿ ಬ್ಯಾನ್ಫ್: ಸ್ಕೀ ಬಿಟ್ಟು ಏನು ಮಾಡೋದು?

ಚಳಿಗಾಲದಲ್ಲಿ ಊರಿಂದ ಬರುವವರೆಲ್ಲ ಕೇಳುವುದು ಒಂದೇ, ಇಲ್ಲಿ ಕೆನಡಾದ ರಾಕಿ ಬೆಟ್ಟಗಳ ನಡುವಿನ ಬ್ಯಾನ್ಫ್‌ಗೆ ಹೋಗಿ ಸ್ಕೀ ಮಾಡಬಹುದಾ ಅಂತ. ಧಾರಾಳವಾಗಿ ಮಾಡಬಹುದು, ಕ್ಯಾಲ್ಗರಿಯಿಂದ ಒಂದೂವರೆ ಗಂಟೆ ದಾರಿ ಅಷ್ಟೇ. ಆದರೆ ಜನವರಿ, ಫೆಬ್ರವರಿಯಲ್ಲಿ ಉತ್ತರದ ಚಳಿ ಇಳಿದು ಮೈನಸ್ 30ಕ್ಕೆ ಹೋಗಿ ಕೂತರೆ, ಟಿಕೆಟ್ ದುಡ್ಡು ಹಾಳಾಗುತ್ತದೆ ಅಂತ ಬೆಳಗಿಂದ ಸಂಜೆವರೆಗೂ ಗುಡ್ಡದ ಮೇಲೇ ಇರುವುದು ಬರೀ ಹಟ.

ಕಷ್ಟ ಇರುವುದು ಜಾರುವುದರಲ್ಲಲ್ಲ, ಚೇರ್ ಲಿಫ್ಟ್‌ನಲ್ಲಿ. ಜಾರುವಾಗ ಮೈ ಬೆವರುತ್ತದೆ, ಆಮೇಲೆ ತೆರೆದ ಕುರ್ಚಿಯಲ್ಲಿ ಕಾಲು ಇಳಿಬಿಟ್ಟು ಸುಮ್ನೆ ಕೂತು ಮೇಲೆ ಹೋಗಬೇಕು, ಗಾಳಿ ನೇರ ಮುಖಕ್ಕೆ. ಗಾಳಿ ಸೇರಿ ಮೈನಸ್ 40 ಅನ್ನಿಸುವಾಗ ಮುಚ್ಚದ ಚರ್ಮ 5ರಿಂದ 10 ನಿಮಿಷದಲ್ಲೇ ಹೆಪ್ಪುಗಟ್ಟಬಹುದು. ಜೋಮು ಹಿಡಿದಿರುವುದರಿಂದ ನಮಗೇ ಗೊತ್ತಾಗುವುದಿಲ್ಲ, ಜೊತೆಯವರು ನೋಡಿ ಹೇಳಬೇಕು. ಇಲ್ಲಿಯವರು ಬಿಳಿ ಮಚ್ಚೆ ನೋಡು ಅನ್ನುತ್ತಾರೆ, ನಮ್ಮ ಬಣ್ಣಕ್ಕೆ ಅದು ಬೂದು ಬೂದಾಗಿ ಕಾಣಬಹುದು. ಸಾಲದ್ದಕ್ಕೆ ಅಷ್ಟು ಚಳಿಯಲ್ಲಿ ಹಿಮವೂ ಸರಿಯಾಗಿ ಜಾರುವುದಿಲ್ಲ, ಮರಳಿನ ಮೇಲೆ ಹಲಗೆ ಎಳೆದ ಹಾಗೆ.

ಆದರೂ ಸ್ಕೀ ಬೇಕೇ ಬೇಕು ಅಂದರೆ ಸನ್‌ಶೈನ್ ವಿಲೇಜ್‌ಗೆ ಹೋಗಿ. ಅಲ್ಲಿ ಟೀಪೀ ಟೌನ್ ಅಂತ ಒಂದು ಲಿಫ್ಟ್ ಇದೆ, ಸೀಟು ಬಿಸಿಯಾಗಿರುತ್ತದೆ, ಮೇಲೆ ಕಿತ್ತಳೆ ಬಣ್ಣದ ಮುಚ್ಚಳ. ಎರಡು ಸಲ ಜಾರಿ, ಒಳಗೆ ಹೋಗಿ ಹಾಟ್ ಚಾಕೊಲೇಟ್ ಕುಡಿದು, ಮತ್ತೆ ಬನ್ನಿ. ಕೈಗವಸಿನೊಳಗೆ ಇಡುವ ಹ್ಯಾಂಡ್ ವಾರ್ಮರ್‌ನ ಪೊಟ್ಟಣವನ್ನು ಸ್ವಲ್ಪ ಮೊದಲೇ ಒಡೆದಿಟ್ಟುಕೊಳ್ಳಿ. ಅದರೊಳಗಿನ ಕಬ್ಬಿಣದ ಪುಡಿಗೆ ಗಾಳಿ ತಾಗಿದರೆ ಮಾತ್ರ ಬಿಸಿ ಏರುವುದು.

ಇನ್ನೊಂದು ವಿಷಯ ಹೊಸಬರಿಗೆ ಗೊತ್ತಿರುವುದಿಲ್ಲ. ತಣ್ಣನೆ ಗಾಳಿ ಭಾರ, ಅಲ್ವಾ? ಗಾಳಿ ಬೀಸದ ದಿನ ಅದು ಕಣಿವೆಯಲ್ಲೇ ತುಂಬಿಕೊಳ್ಳುತ್ತದೆ. ಆಗ ಕೆಳಗಿನ ಊರಿಗಿಂತ ಬೆಟ್ಟದ ತಲೆಯೇ ಬೆಚ್ಚಗಿರಬಹುದು! ಯಾವಾಗಲೂ ಹೀಗೇ ಅಂತಲ್ಲ, ಹಾಗಾಗಿ ಹೊರಡುವ ಮೊದಲು ಮೇಲಿನ ತಾಪಮಾನ ನೋಡಿ. ಸಲ್ಫರ್ ಮೌಂಟನ್ ಬೆಟ್ಟದ ಗೊಂಡೋಲಾ, ಅಂದರೆ ಕೇಬಲ್ ಕಾರ್, ಮುಚ್ಚಿದ ಡಬ್ಬಿ, ಸುಮಾರು 8 ನಿಮಿಷಕ್ಕೆ 2,281 ಮೀಟರ್ ಎತ್ತರಕ್ಕೆ ಬಿಡುತ್ತದೆ. ಮೇಲೆ ಗಾಜಿನ ಹಿಂದೆ ಬೆಚ್ಚಗೆ ಕೂತು ಕಾಫಿ ಕುಡಿಯಬಹುದು. ಫಿಲ್ಟರ್ ಕಾಫಿ ಕೇಳಬೇಡಿ.

ಕೆಳಗಿಳಿದರೆ ಪಕ್ಕದಲ್ಲೇ ಅಪ್ಪರ್ ಹಾಟ್ ಸ್ಪ್ರಿಂಗ್ಸ್, ಬಿಸಿನೀರಿನ ಬುಗ್ಗೆಯ ಸ್ನಾನದ ಕೊಳ. ಚಳಿ ಜಾಸ್ತಿ ಆದಷ್ಟೂ ಮಜಾ ಜಾಸ್ತಿ ಆಗುವ ಜಾಗ ಇದೊಂದೇ. ಈಗಿನ ಕಟ್ಟಡ 1932ರದ್ದು. ಬಯಲಲ್ಲೇ ಕೊಳ, ನೀರು 37ರಿಂದ 40 ಡಿಗ್ರಿ, ಸುತ್ತ ಹಿಮ. ಬಟ್ಟೆ ಬದಲಿಸುವ ಕೋಣೆಯಿಂದ ನೀರಿಗೆ ಓಡುವ ಆ ನಾಲ್ಕು ಹೆಜ್ಜೆ ಮಾತ್ರ ಯಾರಿಗೂ ಬೇಡ. ಕುತ್ತಿಗೆವರೆಗೆ ಮುಳುಗಿ ಕೂತರೆ ಸ್ವಲ್ಪ ಹೊತ್ತಿಗೆ ಹುಬ್ಬು, ರೆಪ್ಪೆ, ಕೂದಲೆಲ್ಲ ಬೆಳ್ಳಗೆ ಮಂಜು ಕಟ್ಟಿ ಮಕ್ಕಳೂ ಅಜ್ಜ ಅಜ್ಜಿ ಆಗುತ್ತಾರೆ. ಫೋಟೊ ಬೇಕಾದರೆ ಬೇಗ ತೆಗೆಯಿರಿ, ಫೋನಿನ ಬ್ಯಾಟರಿ ಈ ಚಳಿಗೆ ಬಾಳುವುದಿಲ್ಲ.

ಸಮಯ ಉಳಿದರೆ ಕೇವ್ ಅಂಡ್ ಬೇಸಿನ್ ನೋಡಿ. 1883ರಲ್ಲಿ ರೈಲ್ವೆ ಕೆಲಸದವರ ಕಣ್ಣಿಗೆ ಬಿದ್ದ ಬಿಸಿನೀರಿನ ಗುಹೆ, ಕೆನಡಾದ ಮೊದಲ ರಾಷ್ಟ್ರೀಯ ಉದ್ಯಾನ ಶುರುವಾಗಿದ್ದು ಇದರ ದೆಸೆಯಿಂದ. ಗಂಧಕದ ನಾತ ಇದೆ, ಸ್ನಾನ ಮಾಡಲು ಬಿಡುವುದಿಲ್ಲ.

ಕಾರು ಬಾಡಿಗೆಗೆ ತೆಗೆದುಕೊಳ್ಳುವವರು ಬ್ಲಾಕ್ ಹೀಟರ್ (ಎಂಜಿನ್ ಬೆಚ್ಚಗಿಡುವ ಕರೆಂಟ್ ಹೀಟರ್) ವೈರ್ ಇದೆಯಾ ಅಂತ ಕೇಳಿ. ಹೋಟೆಲ್ ಪಾರ್ಕಿಂಗ್‌ನಲ್ಲಿ ಪ್ಲಗ್ ಇದ್ದರೆ ರಾತ್ರಿಯೇ ಚುಚ್ಚಿ ಮಲಗಿ, ಇಲ್ಲದಿದ್ದರೆ ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗದೇ ಇರಬಹುದು.