500 ಮಿ.ಮೀ. ಕಿಂಡಿಯಲ್ಲಿ ತೇಜಸ್: ಎರಡು ಏರೋ ಇಂಡಿಯಾಗಳ ನಡುವಿನ ಅಭ್ಯಾಸದ ದಾಖಲೆ

ಈ ಕೆಲಸದ ಗುರಿ ಒಂದೇ ಒಂದು ಚಿತ್ರ. ತೇಜಸ್ ಯುದ್ಧವಿಮಾನ ಬಿರುಸಾಗಿ ಹೊರಳಿ ತಿರುಗುವಾಗ, ತಿರುವಿನ ಒಳಮಗ್ಗುಲಲ್ಲಿ ನಿಂತವರಿಗೆ ಒಂದೆರಡು ಕ್ಷಣ ಅದರ ಬೆನ್ನು ಪೂರ್ತಿಯಾಗಿ ಕಾಣಿಸುತ್ತದೆ. ಆ ಕ್ಷಣದಲ್ಲಿ ವಿಮಾನವು ಮೂತಿಯಿಂದ ಬಾಲದವರೆಗೆ ಚೌಕಟ್ಟಿನೊಳಗೆ ಇರಬೇಕು, ರೆಕ್ಕೆಯ ಮೇಲಿನ ವಾಯುಪಡೆಯ ವೃತ್ತಚಿಹ್ನೆಯ ಅಂಚು ಹರಿತವಾಗಿರಬೇಕು, ಕಾಕ್‌ಪಿಟ್ಟಿನ ಒಳಗೆ ಪೈಲಟ್‌ನ ಹೆಲ್ಮೆಟ್ ಗುರುತು ಸಿಗುವಂತಿರಬೇಕು. 2023ರ ಫೆಬ್ರವರಿಯಲ್ಲಿ ಈ ಮೂರು ಷರತ್ತುಗಳನ್ನು ಟಿಪ್ಪಣಿ ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಂಡಾಗ, ಒಳ್ಳೆಯ ಲೆನ್ಸ್ ಇದ್ದರೆ ಒಂದೇ ದಿನದಲ್ಲಿ ಮುಗಿಯುವ ಕೆಲಸವೆಂದು ನಂಬಿದ್ದೆ.

ಸಲಕರಣೆ ಅಂದಿನಿಂದ ಬದಲಾಗಿಲ್ಲ. ನಿಕಾನ್ ಡಿ500 ಕ್ಯಾಮೆರಾ, ಅದಕ್ಕೆ ನಿಕಾನ್‌ನದೇ 200-500 ಮಿ.ಮೀ. ಎಫ್/5.6 ಲೆನ್ಸ್, ಎರಡನ್ನೂ ಸೆಕೆಂಡ್‌ಹ್ಯಾಂಡ್ ಕೊಂಡದ್ದು. ಲೆನ್ಸಿನ ತೂಕವೇ 2.3 ಕಿಲೋ, ಕ್ಯಾಮೆರಾ ಸೇರಿದರೆ 3 ಕಿಲೋ ದಾಟುತ್ತದೆ. ಹತ್ತು ನಿಮಿಷ ಎತ್ತಿ ಹಿಡಿದರೆ ಎಡಗೈ ಮಣಿಕಟ್ಟು ತನ್ನ ಅಹವಾಲು ಹೇಳಲು ಶುರುಮಾಡುತ್ತದೆ. ಮಾನೊಪಾಡ್ ಎಂಬ ಒಂಟಿಗಾಲಿನ ಸ್ಟ್ಯಾಂಡ್ ಒಂದನ್ನು ಒಯ್ದು ನೋಡಿದ್ದೇನೆ. ರನ್‌ವೇ ಮಟ್ಟದಲ್ಲಿ ಓಡುವ ವಿಮಾನಕ್ಕೆ ಅದು ಸರಿ, ತಲೆಯ ಮೇಲಕ್ಕೆ ಏರುವ ವಿಮಾನಕ್ಕೆ ಕಾಲಿಗೆ ಕಟ್ಟಿದ ಗುಂಡು.

2023ರ ಫೆಬ್ರವರಿ 16ರಂದು, ಏರೋ ಇಂಡಿಯಾ ವೈಮಾನಿಕ ಪ್ರದರ್ಶನದಲ್ಲಿ ಸಾರ್ವಜನಿಕರಿಗೆ ಮೀಸಲಾದ ದಿನ, ಬೆಂಗಳೂರಿನ ಯಲಹಂಕ ವಾಯುನೆಲೆಯ ವೀಕ್ಷಣಾ ಪ್ರದೇಶದಲ್ಲಿ ನಿಂತು ಸುಮಾರು 1,100 ಬಾರಿ ಕ್ಲಿಕ್ಕಿಸಿದೆ. ಮನೆಗೆ ಬಂದು ನೋಡಿದರೆ ಉಳಿಸಿಕೊಳ್ಳಲು ಯೋಗ್ಯವಾದವು 9. ಮೂಗಿಲ್ಲದ ವಿಮಾನಗಳು, ಬಾಲವಷ್ಟೇ ಉಳಿದ ವಿಮಾನಗಳು, ಬೆಳ್ಳನೆಯ ಬಾನಿಗೆ ಕ್ಯಾಮೆರಾ ಮೋಸಹೋಗಿ ಕಾಡಿಗೆಯ ಬೊಟ್ಟಿನಂತೆ ಕಪ್ಪಾದ ವಿಮಾನಗಳು, ಇವುಗಳ ನಡುವೆ ನಾನೂರಕ್ಕೂ ಹೆಚ್ಚು ಖಾಲಿ ಆಕಾಶ. ಎಲ್ಲಕ್ಕಿಂತ ಬೇಸರ ತಂದದ್ದು ವಾಯುಪಡೆಯ ಸಾರಂಗ್ ಪ್ರದರ್ಶನ ತಂಡದ ಧ್ರುವ್ ಹೆಲಿಕಾಪ್ಟರ್‌ಗಳ ಚಿತ್ರ. ಫೋಕಸ್ ಸರಿಯಾಗಿತ್ತು, ಮೈಮೇಲಿನ ನವಿಲಿನ ಚಿತ್ತಾರವೂ ಸ್ಪಷ್ಟವಾಗಿತ್ತು, ಆದರೆ 1/2000 ಸೆಕೆಂಡಿನ ಶಟರ್ ವೇಗದಲ್ಲಿ ರೆಕ್ಕೆಗಳು ಕಡ್ಡಿಯಂತೆ ನಿಂತುಬಿಟ್ಟಿದ್ದರಿಂದ ನಾಲ್ಕೂ ಹೆಲಿಕಾಪ್ಟರ್‌ಗಳು ಜಾತ್ರೆಯ ಅಂಗಡಿಯಲ್ಲಿ ದಾರಕ್ಕೆ ತೂಗುಹಾಕಿದ ಆಟಿಕೆಗಳಂತೆ ಕಂಡವು.

ಆ ಸೋಲಿನ ನಂತರ ಮೊದಲು ಮಾಡಿದ ಕೆಲಸ ಕಾಗದದ ಮೇಲೆ ಲೆಕ್ಕ. ಈ ಕ್ಯಾಮೆರಾದ ಸೆನ್ಸರ್ 23.5 ಮಿ.ಮೀ. ಅಗಲವಿರುವುದರಿಂದ 500 ಮಿ.ಮೀ.ನಲ್ಲಿ ಕಾಣುವ ಆಕಾಶ ಅಡ್ಡಡ್ಡಲಾಗಿ 2.7 ಡಿಗ್ರಿ ಮಾತ್ರ. ಒಂದು ಕಿಲೋಮೀಟರ್ ದೂರದಲ್ಲಿ ಅದು 47 ಮೀಟರ್ ಅಗಲದ ಕಿಂಡಿ. ತೇಜಸ್‌ನ ಉದ್ದ 13.2 ಮೀಟರ್, ಅಂದರೆ ಅಷ್ಟು ದೂರದಲ್ಲಿ ಅದು ಚೌಕಟ್ಟಿನ ಕಾಲುಭಾಗಕ್ಕಿಂತ ತುಸು ಹೆಚ್ಚು ಜಾಗ ತುಂಬುತ್ತದೆ. ಸುಮಾರು 22 ಮೀಟರ್ ಉದ್ದದ ಸುಖೋಯ್-30 ಅರ್ಧ ಕಿಲೋಮೀಟರಿಗೆ ಬಂದರೆ ಚೌಕಟ್ಟಿನಲ್ಲಿ ಉಸಿರಾಡಲೂ ಜಾಗ ಉಳಿಯುವುದಿಲ್ಲ. ಇನ್ನು ವೇಗ. ಗಂಟೆಗೆ 900 ಕಿ.ಮೀ. ಎಂದರೆ ಸೆಕೆಂಡಿಗೆ 250 ಮೀಟರ್. ಕ್ಯಾಮೆರಾವನ್ನು ಅಲುಗಾಡಿಸದೆ ಹಿಡಿದರೆ ವಿಮಾನ ಆ ಕಿಂಡಿಯನ್ನು ಒಂದು ಸೆಕೆಂಡಿನ ಐದನೆಯ ಒಂದು ಭಾಗಕ್ಕೂ ಮೊದಲೇ ದಾಟಿಹೋಗುತ್ತದೆ. ನನ್ನ ನಾನೂರು ಖಾಲಿ ಆಕಾಶಗಳಿಗೆ ಕಾರಣ ಇಲ್ಲಿತ್ತು. 1/2000 ಸೆಕೆಂಡಿನಲ್ಲಿ ಕೂಡ ಅದು 12.5 ಸೆಂ.ಮೀ. ಮುಂದೆ ಸರಿದಿರುತ್ತದೆ, ಒಂದು ಕಿಲೋಮೀಟರ್ ದೂರದಿಂದ ಸೆನ್ಸರಿನ ಮೇಲೆ ಅದು ಸುಮಾರು 15 ಪಿಕ್ಸೆಲ್‌ಗಳಷ್ಟು ಉದ್ದದ ಮಸುಕು. ಶಟರ್ ವೇಗ ಹೆಚ್ಚಿಸಿದರೆ ಸಾಕು, ಎಲ್ಲವೂ ಹೆಪ್ಪುಗಟ್ಟುತ್ತದೆ ಎಂದು ನಾನು ತಿಳಿದದ್ದು ಸುಳ್ಳೆಂದು ಈ ಒಂದು ಸಾಲಿನ ಲೆಕ್ಕ ಹೇಳಿತು. ಮಸುಕನ್ನು ಅಳಿಸಬೇಕಾದದ್ದು ಶಟರ್ ಅಲ್ಲ, ಸೊಂಟ. ವಿಮಾನದ ಜೊತೆಜೊತೆಗೆ ಸೆಕೆಂಡಿಗೆ 14 ಡಿಗ್ರಿಯಷ್ಟು ಸಮವಾಗಿ ತಿರುಗುವುದನ್ನು ದೇಹ ಕಲಿಯಬೇಕಿತ್ತು.

ನಮ್ಮ ತಾತ ಜೋಳದ ಹೊಲದ ಅಟ್ಟಣೆಯ ಮೇಲೆ ನಿಂತು ಹಕ್ಕಿಗಳಿಗೆ ಕವಣೆ ಬೀಸುತ್ತಿದ್ದುದನ್ನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಕಲ್ಲು ಕೈಬಿಟ್ಟ ಮೇಲೂ ಅವರ ತೋಳು ತನ್ನ ಸುತ್ತನ್ನು ಪೂರ್ತಿ ಮಾಡಿಯೇ ನಿಲ್ಲುತ್ತಿತ್ತು, ಮತ್ತು ಅವರ ಪಾದಗಳು ಹಕ್ಕಿ ಈಗ ಇದ್ದ ಕಡೆಗಲ್ಲ, ಕಲ್ಲು ತಲುಪಬೇಕಾದ ಕಡೆಗೆ ಮುಖಮಾಡಿರುತ್ತಿದ್ದವು. ನನ್ನ ತಪ್ಪು ಅದೇ ಆಗಿತ್ತು. ವಿಮಾನ ಮೊದಲು ಕಂಡ ದಿಕ್ಕಿಗೆ ಪಾದವಿಟ್ಟು ನಿಲ್ಲುತ್ತಿದ್ದೆ. ಅದು ಎದುರಿಗೆ ಬರುವಷ್ಟರಲ್ಲಿ ಸೊಂಟ ತಿರುಚಿಕೊಂಡು, ತಿರುಗುವಿಕೆ ತಡವರಿಸಿ, ಸರಿಯಾಗಿ ಕ್ಲಿಕ್ಕಿಸುವ ಕ್ಷಣದಲ್ಲೇ ಲೆನ್ಸ್ ಹಿಂದುಳಿಯುತ್ತಿತ್ತು. ಈಗ ಚಿತ್ರ ಬೇಕಾದ ದಿಕ್ಕಿಗೆ ಪಾದವಿಟ್ಟು, ಸೊಂಟದ ಮೇಲಿನ ಮೈಯನ್ನು ಮಾತ್ರ ಹಿಂದಕ್ಕೆ ತಿರುಚಿ ದೂರದಿಂದಲೇ ವಿಮಾನವನ್ನು ಕಿಂಡಿಯೊಳಗೆ ತೆಗೆದುಕೊಳ್ಳುತ್ತೇನೆ. ಬರುತ್ತ ಬರುತ್ತ ದೇಹದ ತಿರುಚು ಸಡಿಲವಾಗುತ್ತದೆ, ಚಲನೆ ತಾನಾಗಿ ಸಮನಾಗುತ್ತದೆ, ಕ್ಲಿಕ್ಕಾದ ಮೇಲೂ ಒಂದು ಸೆಕೆಂಡ್ ಹಿಂಬಾಲಿಸುತ್ತೇನೆ.

ಎರಡು ವರ್ಷಕ್ಕೊಮ್ಮೆ ನಡೆಯುವ ಪ್ರದರ್ಶನಕ್ಕಾಗಿ ಅಭ್ಯಾಸ ಮಾಡುವುದಕ್ಕೆ ಯುದ್ಧವಿಮಾನಗಳು ಸಿಗುವುದಿಲ್ಲ. ಜಕ್ಕೂರು ಕೆರೆಯ ದಂಡೆಯಲ್ಲಿ ಹದ್ದುಗಳು ಸಿಗುತ್ತವೆ. 2023ರ ಮಳೆಗಾಲ ಮುಗಿದ ಮೇಲೆ ಹೆಚ್ಚುಕಡಿಮೆ ಪ್ರತಿ ಭಾನುವಾರ ಬೆಳಿಗ್ಗೆ ಅಲ್ಲಿಗೆ ಹೋದೆ. ಹದ್ದು ನಿಧಾನ, ಆದರೆ ಯಾವಾಗ ಹೊರಳುತ್ತದೆಂದು ಹೇಳಲಾಗುವುದಿಲ್ಲ. ಹೊರಳಿದಾಗ ಅದರ ಬೆನ್ನು ಕಾಣುವ ರೀತಿ ತೇಜಸ್‌ನ ತಿರುವಿಗೆ ಬಹಳ ಹತ್ತಿರ. ಚಳಿಗಾಲದಲ್ಲಿ ನೀರಿನ ಮೇಲೆ ಸುಳಿಯುವ ಅಂಬರಗುಬ್ಬಿಗಳನ್ನೂ ಪ್ರಯತ್ನಿಸಿದೆ. ಅವು ನನ್ನನ್ನು ಸೋಲಿಸಿದವು, ಅದನ್ನು ವಿವರಿಸಿ ಪ್ರಯೋಜನವಿಲ್ಲ. ಇಲ್ಲಿ ಒಂದು ಮಾತು: ವಾಯುನೆಲೆ ಹತ್ತಿರದಲ್ಲೇ ಇರುವುದರಿಂದ ಲೆನ್ಸನ್ನು ಎಂದೂ ಆ ಕಡೆಗೆ ತಿರುಗಿಸುವುದಿಲ್ಲ. ಪ್ರದರ್ಶನದ ದಿನ ಟಿಕೆಟ್ ಪಡೆದು ಒಳಗೆ ನಿಂತು ತೆಗೆಯುವುದು ಬೇರೆ, ಹೊರಗಿನ ಬೇಲಿಯ ಬಳಿ 500 ಮಿ.ಮೀ. ಹಿಡಿದು ನಿಲ್ಲುವುದು ಬೇರೆ. ತಮಾಷೆಯೆಂದರೆ, ನನಗೆ ಪಾಠ ಹೇಳಿದ ಹದ್ದುಗಳನ್ನು ಪ್ರದರ್ಶನದ ಆಕಾಶದಿಂದ ದೂರವಿಡಲೆಂದೇ ಪಾಲಿಕೆಯು ಆ ದಿನಗಳಲ್ಲಿ ನೆಲೆಯ ಸುತ್ತಮುತ್ತ ಮಾಂಸ ಮಾರಾಟವನ್ನು ನಿಷೇಧಿಸುತ್ತದೆ.

ಕ್ಯಾಮೆರಾದ ಹೊಂದಾಣಿಕೆಗಳು ಈ ಅವಧಿಯಲ್ಲಿ ಒಂದು ನೆಲೆಗೆ ಬಂದವು. ಅಪರ್ಚರ್ (ಲೆನ್ಸಿನೊಳಗೆ ಬೆಳಕು ಹಾಯುವ ರಂಧ್ರ) ಎಫ್/7.1, ಶಟರ್ 1/2000, ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆಯಾದ ಐಎಸ್‌ಒ ಮಾತ್ರ ತಾನಾಗಿ ಬದಲಾಗುವಂತೆ. ಬೂದುಬಣ್ಣದ ವಿಮಾನಕ್ಕೆ ಬೆಳಕನ್ನು ಮೂರರಲ್ಲಿ ಎರಡು ಸ್ಟಾಪ್ ಹೆಚ್ಚಿಸುತ್ತೇನೆ, ಬಾನು ತೀರಾ ಬೆಳ್ಳಗಿದ್ದರೆ ಪೂರ್ತಿ ಒಂದು ಸ್ಟಾಪ್, ಅಂದರೆ ಬೆಳಕು ದುಪ್ಪಟ್ಟು. ವಾಯುಪಡೆಯ ಸೂರ್ಯಕಿರಣ ಪ್ರದರ್ಶನ ತಂಡದ ಹಾಕ್ ವಿಮಾನಗಳಿಗೆ ಇದು ಸಲ್ಲದು, ಅವುಗಳ ಕೆಂಪಿನ ಪಕ್ಕದ ಬಿಳಿ ಸುಟ್ಟುಹೋಗುತ್ತದೆ. ಲೆನ್ಸಿನ ಕಂಪನ ನಿಯಂತ್ರಣದ ಗುಂಡಿಯನ್ನು ‘ಸ್ಪೋರ್ಟ್’ ಸ್ಥಾನದಲ್ಲಿಡುತ್ತೇನೆ. ಫೋಕಸ್ ಮಿತಿಯ ಗುಂಡಿಯನ್ನು 6 ಮೀಟರಿನಿಂದ ಅನಂತದವರೆಗೆ ಎಂದು ಇಡುವುದರಿಂದ, ಗುರಿ ತಪ್ಪಿದಾಗ ಫೋಕಸ್ ಪೂರ್ತಿ ಹತ್ತಿರದವರೆಗೆ ಹುಡುಕಾಡಿ ಸಮಯ ಕಳೆಯುವುದು ತಪ್ಪುತ್ತದೆ. ಈ ಲೆನ್ಸಿನ ಒಂದು ದೋಷಕ್ಕೆ ಮಾತ್ರ ಪರಿಹಾರ ಸಿಕ್ಕಿಲ್ಲ. ಜೂಮ್ ಉಂಗುರ 200ರಿಂದ 500ಕ್ಕೆ ಒಂದೇ ಹಿಡಿತದಲ್ಲಿ ತಿರುಗುವುದಿಲ್ಲ, ಮಧ್ಯೆ ಕೈ ಬದಲಿಸಬೇಕು. ಹಾಗಾಗಿ ವಿಮಾನ ಬರುವ ಮುನ್ನವೇ ಒಂದು ಅಳತೆಯನ್ನು ನಿರ್ಧರಿಸಿ ಅದಕ್ಕೆ ಕಟ್ಟುಬೀಳುತ್ತೇನೆ.

2025ರ ಫೆಬ್ರವರಿ 14ರಂದು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಸ್ಕೂಟರ್ ನಿಲ್ಲಿಸಿ, ಬಿಎಂಟಿಸಿ ಬಸ್ಸಿನಲ್ಲಿ ವೀಕ್ಷಣಾ ಪ್ರದೇಶ ತಲುಪಿದೆ. ಈ ಬಾರಿ ರಷ್ಯದ ಸುಖೋಯ್-57 ಮತ್ತು ಅಮೆರಿಕದ ಎಫ್-35 ಎರಡೂ ಒಂದೇ ಪ್ರದರ್ಶನಕ್ಕೆ ಬಂದಿದ್ದವು, ಜನ ಅದಕ್ಕಾಗಿಯೇ ಮುಗಿಬಿದ್ದಿದ್ದರು. ನಾನು ಬೆಳಿಗ್ಗೆ ಬೇಗನೆ ಹೋದದ್ದಕ್ಕೆ ಕಾರಣ ಬೇರೆ. ಹೊತ್ತೇರಿದಂತೆ ರನ್‌ವೇಯ ಕಾದ ನೆಲದ ಮೇಲೆ ಬಿಸಿ ಮತ್ತು ತಂಪು ಗಾಳಿಯ ಪದರಗಳು ಕಲಸಿ, ಬೆಳಕು ಅವುಗಳ ಮೂಲಕ ಹಾಯುವಾಗ ಬಾಗಿ ನಡುಗುತ್ತದೆ. ಆ ಝಳದ ಮೂಲಕ ತೆಗೆದ ಚಿತ್ರವನ್ನು ಯಾವ ದುಬಾರಿ ಲೆನ್ಸೂ ಉಳಿಸಲಾರದು. ಉದ್ದದ ಲೆನ್ಸ್ ಆ ನಡುಕವನ್ನೂ ಅಷ್ಟೇ ದೊಡ್ಡದಾಗಿಸಿ ತೋರಿಸುತ್ತದೆ. ಹತ್ತೂವರೆಯ ನಂತರ ನಾನು ತೆಗೆದ ಟೇಕ್‌ಆಫ್ ಚಿತ್ರಗಳೆಲ್ಲ ನೀರಿನಡಿಯ ವಿಮಾನಗಳಂತಿವೆ. ಮೇಲೆ ಏರಿದ ವಿಮಾನಕ್ಕೆ ಈ ತೊಂದರೆ ಬಹಳ ಕಡಿಮೆ, ಅದರಿಂದ ನೆಲದ ಚಿತ್ರಗಳ ಆಸೆಯನ್ನು ಆ ಹೊತ್ತಿಗೇ ಬಿಟ್ಟೆ.

ಸುಖೋಯ್-57 ಸುಲಭವೆನಿಸಿತು, ಅದೇ ಅಪಾಯವಾಯಿತು. ಎಂಜಿನ್ನಿನ ಬಾಯಿಯನ್ನೇ ತಿರುಗಿಸುವ ಸಾಮರ್ಥ್ಯವಿರುವ ಆ ವಿಮಾನ ಮೂಗನ್ನು ಮೇಲೆತ್ತಿ ಗಾಳಿಯಲ್ಲಿ ಬಹುತೇಕ ನಿಂತಂತೆ ತಿರುಗುತ್ತದೆ. ನಿಧಾನವಾಗಿದೆಯೆಂದು 500ಕ್ಕೆ ಜೂಮ್ ಮಾಡಿ ನಿಶ್ಚಿಂತೆಯಿಂದ ಇದ್ದೆ. ಅದು ನಾನು ಊಹಿಸದ ಕಡೆಗೆ ಮಗುಚಿದಾಗಲೆಲ್ಲ ರೆಕ್ಕೆಯ ತುದಿಯೋ ಬಾಲವೋ ಕತ್ತರಿಸಿಹೋಯಿತು. ವೇಗದ ವಿಮಾನದ ದಾರಿ ಊಹೆಗೆ ಸಿಗುತ್ತದೆ, ಈ ನಿಧಾನದ್ದು ಸಿಗಲಿಲ್ಲ. 400ಕ್ಕೆ ಇಳಿಸಿದ ಮೇಲೆ ಏಳೆಂಟು ಒಳ್ಳೆಯ ಚಿತ್ರಗಳು ಬಂದವು.

ಬೀದರ್ ನೆಲೆಯ ಸೂರ್ಯಕಿರಣ ತಂಡ ಒಂಬತ್ತು ಹಾಕ್‌ಗಳೊಂದಿಗೆ ಬಂದಾಗ ತದ್ವಿರುದ್ಧ ಸಮಸ್ಯೆ. ಒಂಬತ್ತೂ ಒಟ್ಟಿಗೆ ಹರಡಿಕೊಂಡಾಗ 200 ಮಿ.ಮೀ. ಕೂಡ ಹೆಚ್ಚಾಯಿತು, ಹೊಗೆಯಿಂದ ಬರೆದ ಹೃದಯದ ಆಕಾರವನ್ನು ಮೊಬೈಲಿನಲ್ಲೇ ತೆಗೆದೆ. ಆದರೆ ಎರಡು ವಿಮಾನಗಳು ಎದುರುಬದುರಾಗಿ ಬಂದು ಒಂದನ್ನೊಂದು ದಾಟುವ ಕ್ಷಣಕ್ಕಾಗಿ ಸಿದ್ಧನಾಗಿಯೇ ಹೋಗಿದ್ದೆ. ಪ್ರತಿಯೊಂದರ ವೇಗ ಗಂಟೆಗೆ 600 ಕಿ.ಮೀ. ಎಂದಿಟ್ಟುಕೊಂಡರೂ, ಸುಮಾರು 12.5 ಮೀಟರ್ ಉದ್ದದ ಎರಡು ವಿಮಾನಗಳು ನಮ್ಮ ಕಣ್ಣಿಗೆ ಒಂದರ ಮೇಲೊಂದು ಇರುವ ಅವಧಿ 0.075 ಸೆಕೆಂಡ್. ನನ್ನ ಕ್ಯಾಮೆರಾ ಸೆಕೆಂಡಿಗೆ 10 ಚಿತ್ರ ತೆಗೆಯುತ್ತದೆ, ಅಂದರೆ ಎರಡು ಚಿತ್ರಗಳ ನಡುವೆ 0.1 ಸೆಕೆಂಡ್. ಎಲ್ಲವನ್ನೂ ಸರಿಯಾಗಿ ಮಾಡಿದರೂ ನಾಲ್ಕಕ್ಕೆ ಒಂದು ಬಾರಿ ಆ ಕ್ಷಣ ಎರಡು ಚಿತ್ರಗಳ ನಡುವಿನ ಸಂದಿಯಲ್ಲಿ ಬಿದ್ದುಹೋಗುತ್ತದೆ. ಎರಡೂ ಕಣ್ಣು ತೆರೆದಿಟ್ಟು, ಎಡದಿಂದ ಬರುವ ಒಂದನ್ನೇ ಹಿಂಬಾಲಿಸಿ, ಎಡಗಣ್ಣಿನ ಅಂಚಿನಲ್ಲಿ ಇನ್ನೊಂದು ಕಂಡೊಡನೆ ಗುಂಡಿ ಒತ್ತಿದೆ. ಮೂರು ದಾಟುವಿಕೆಗಳಲ್ಲಿ ಒಂದು ಸಿಕ್ಕಿತು. ಅದರಲ್ಲಿ ಹಿಂಬಾಲಿಸಿದ ವಿಮಾನ ಹರಿತವಾಗಿದೆ, ಎದುರಿನದು ಬಣ್ಣದ ಗೆರೆಯಾಗಿದೆ. ಹಾಗಾಗಲೇಬೇಕು, ನನ್ನ ಸೊಂಟ ಒಂದೇ ದಿಕ್ಕಿಗೆ ತಿರುಗಬಲ್ಲದು.

ಇನ್ನು ತೇಜಸ್. ಮೊದಲ ಎರಡು ತಿರುವುಗಳಲ್ಲಿ ಕ್ಯಾಮೆರಾ ಎತ್ತದೆ ಬರಿಗಣ್ಣಿನಿಂದ ನೋಡಿ, ಅದರ ಬೆನ್ನು ಆಕಾಶದ ಯಾವ ಭಾಗದಲ್ಲಿ ನಮ್ಮ ಕಡೆ ತಿರುಗುತ್ತದೆಂದು ಗುರುತು ಮಾಡಿಕೊಂಡೆ. ಆ ದಿಕ್ಕಿಗೆ ಪಾದವಿಟ್ಟೆ. ಮೂರನೆಯ ತಿರುವಿಗೆ ಅದು ದೂರದಲ್ಲಿ ಚುಕ್ಕೆಯಾಗಿದ್ದಾಗಲೇ ಕಿಂಡಿಯೊಳಗೆ ಬಂತು, ನಡುಬಿಂದುವಿನಿಂದ ಕದಲಲಿಲ್ಲ. 14 ಚಿತ್ರಗಳು. ರಾತ್ರಿ ಮನೆಯಲ್ಲಿ ದೊಡ್ಡದು ಮಾಡಿ ನೋಡಿದಾಗ ಹನ್ನೊಂದರಲ್ಲಿ ವಿಮಾನ ಪೂರ್ತಿಯಾಗಿತ್ತು, ಆರರಲ್ಲಿ ವೃತ್ತಚಿಹ್ನೆಯ ಮೂರೂ ಬಣ್ಣಗಳ ಅಂಚು ಕತ್ತರಿಸಿಟ್ಟಂತಿತ್ತು. ಹೆಲ್ಮೆಟ್ ಮಾತ್ರ ಒಂದರಲ್ಲಿಯೂ ಪೂರ್ತಿ ಕಾಣಲಿಲ್ಲ. ಉಬ್ಬಿದ ಕಾಕ್‌ಪಿಟ್ ಹೊದಿಕೆಯ ಮೇಲೆ ಸೂರ್ಯನ ಪ್ರತಿಬಿಂಬ ಸರಿಯಾಗಿ ಅದೇ ಜಾಗದಲ್ಲಿ ಬೆಳ್ಳಗೆ ಹೊಳೆದಿದೆ. ಪ್ರತಿಬಿಂಬದ ಹೊಳಪು ತಗ್ಗಿಸುವ ಪೋಲರೈಸರ್ ಫಿಲ್ಟರ್ ಹಾಕಬಹುದಿತ್ತಲ್ಲ ಎಂದು ಗೆಳೆಯನೊಬ್ಬ ಕೇಳಿದ. ಅದು ಒಂದೂವರೆ ಸ್ಟಾಪ್‌ನಷ್ಟು ಬೆಳಕು ತಿನ್ನುತ್ತದೆ, ಈ ಲೆನ್ಸಿನ 95 ಮಿ.ಮೀ. ಬಾಯಿಗೆ ಅದರ ಬೆಲೆಯೂ ಚಿಕ್ಕದಲ್ಲ. ಜೊತೆಗೆ ಹಿಗ್ಗಿಸಿ ಬಾಗಿಸಿದ ಪ್ಲಾಸ್ಟಿಕ್ ಹೊದಿಕೆ ಪೋಲರೈಸರ್ ಮೂಲಕ ಕಾಮನಬಿಲ್ಲಿನ ಪಟ್ಟೆಗಳಾಗಿ ಕಾಣುತ್ತದೆ. ಮುಂದಿನ ಬಾರಿ ಮಧ್ಯಾಹ್ನದ ಹಾರಾಟಕ್ಕೂ ಉಳಿಯಬೇಕು, ಆಗ ಸೂರ್ಯನ ಸ್ಥಾನ ಬದಲಾಗಿ ಪ್ರತಿಬಿಂಬ ಬೇರೆಡೆಗೆ ಸರಿಯುತ್ತದೆ. ಮೊದಲ ಪುಟದ ಮೂರು ಷರತ್ತುಗಳಲ್ಲಿ ಎರಡಕ್ಕೆ ಗುರುತು ಹಾಕಿದ್ದೇನೆ.

ಹೆಲಿಕಾಪ್ಟರಿನ ಬಾಕಿ ಹಾಗೆಯೇ ಉಳಿಯಿತು. 2025ರ ಜನವರಿಯಲ್ಲಿ ಪೋರಬಂದರಿನಲ್ಲಿ ನಡೆದ ಅಪಘಾತದ ನಂತರ ಧ್ರುವ್ ಹಾರಾಟ ನಿಂತಿದ್ದರಿಂದ ಸಾರಂಗ್ ತಂಡ ಆ ಪ್ರದರ್ಶನದಲ್ಲಿ ಹಾರಲಿಲ್ಲ. ಲೆಕ್ಕ ಮಾತ್ರ ಸಿದ್ಧವಿದೆ: ಮೇಲಿನ ರೆಕ್ಕೆಗಳು ನಿಮಿಷಕ್ಕೆ ಸುಮಾರು 300 ಸುತ್ತು ತಿರುಗುತ್ತವೆಂದರೆ 1/2000ರಲ್ಲಿ ಅವು ಒಂದು ಡಿಗ್ರಿಯೂ ಚಲಿಸುವುದಿಲ್ಲ, 1/125ರಲ್ಲಿ 14 ಡಿಗ್ರಿ ಚಲಿಸುತ್ತವೆ. ಅಷ್ಟು ಮಸುಕಿದ್ದರೆ ಹೆಲಿಕಾಪ್ಟರಿಗೆ ಜೀವ ಬರುತ್ತದೆ, ಆದರೆ 500 ಮಿ.ಮೀ. ಲೆನ್ಸನ್ನು 1/125ರಲ್ಲಿ ಕೈಯಲ್ಲಿ ಹಿಡಿದು ಮೈಯನ್ನು ಹರಿತವಾಗಿ ಉಳಿಸುವುದು ಬೇರೆಯದೇ ಪರೀಕ್ಷೆ. ಅದಕ್ಕಾಗಿ ಈಗ ಹದ್ದುಗಳನ್ನೇ ನಿಧಾನದ ಶಟರಿನಲ್ಲಿ ತೆಗೆಯುತ್ತಿದ್ದೇನೆ. ರೆಕ್ಕೆ ಮಸುಕಾಗಬೇಕು, ಕಣ್ಣು ಮಸುಕಾಗಬಾರದು. ಕಳೆದ ಭಾನುವಾರ 1/250ರಲ್ಲಿ ತೆಗೆದ 60ರಲ್ಲಿ 17 ಸರಿಯಾದವು, 1/125ರಲ್ಲಿ ತೆಗೆದ 60ರಲ್ಲಿ 4. ಬರುವ ಭಾನುವಾರ 1/160.