ಆಪರೇಷನ್‌ಗೆ ಮುಂಚಿನ ಮುಕ್ಕಾಲು ಗಂಟೆ

"ನೋವೇ ಇರಲಿಲ್ಲ ಮೇಡಂ, ಅದಕ್ಕೇ ಓಡಿದೆ."

ಹಾಗೆ ಹೇಳಿದ ಹುಡುಗನ ಮುಖ ನನಗೆ ಇನ್ನೂ ನೆನಪಿದೆ. ಎಸಿಎಲ್, ಅಂದರೆ ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಒಂದು ಲಿಗಮೆಂಟ್ (ಗಟ್ಟಿ ಪಟ್ಟಿ), ಅದರ ಆಪರೇಷನ್ ಆಗಿ ಮೂರನೇ ತಿಂಗಳು. ಗೆಳೆಯರು ಆಡುತ್ತಿದ್ದರು, ಚೆಂಡು ಇವನ ಕಡೆ ಬಂತು. ಓಡಿಹೋಗಿ ಗಕ್ಕನೆ ತಿರುಗಿದ. ಹರಿದ ಲಿಗಮೆಂಟ್ ಬದಲು ಹೊಸದಾಗಿ ಕೂರಿಸಿದ್ದ ಗ್ರಾಫ್ಟ್ ಹರಿಯಿತು.

ಅವನಿಗೆ ಎಲ್ಲ ಹೇಳಿದ್ದೇನೆ ಅಂತಲೇ ನಾನು ನಂಬಿದ್ದೆ. ಆಪರೇಷನ್‌ನ ಹಿಂದಿನ ಸಂಜೆ ಎರಡು ಪುಟದ ಹಾಳೆ ಕೊಟ್ಟು, ಹತ್ತು ನಿಮಿಷ ವಿವರಿಸಿದ್ದೆ. ಅವನು ತಲೆ ಆಡಿಸಿದ್ದ. ನಾಳೆ ಆಪರೇಷನ್ ಅಂತ ಹೆದರಿ ಕೂತವರ ತಲೆಗೆ ಏನು ಹೋಗುತ್ತದೆ ಹೇಳಿ?

ಏನಾಯಿತು ಅಂತ ತಿಳಿಸಲು ಅವತ್ತು ಒಂದು ಹಾಳೆ ಮೇಲೆ ಎರಡು ಗೆರೆ ಎಳೆದೆ. ಒಂದು ನೋವಿನದು. ಅದು ವಾರ ವಾರಕ್ಕೂ ಇಳಿಯುತ್ತಾ ಹೋಗುತ್ತದೆ. ಇನ್ನೊಂದು ಗ್ರಾಫ್ಟ್‌ನ ಬಲದ್ದು. ಹರಿದ ಲಿಗಮೆಂಟ್ ಜಾಗಕ್ಕೆ ಸಾಮಾನ್ಯವಾಗಿ ನಮ್ಮದೇ ತೊಡೆಯ ಹಿಂಭಾಗದ ಅಥವಾ ಮಂಡಿಚಿಪ್ಪಿನ ಕೆಳಗಿನ ಟೆಂಡನ್ (ಸ್ನಾಯುವಿನ ತುದಿಯ ಗಟ್ಟಿ ನಾರು) ತೆಗೆದು ಕೂರಿಸುತ್ತಾರೆ. ಕೂರಿಸಿದಾಗ ಅದಕ್ಕೆ ರಕ್ತದ ಹರಿವೇ ಇರುವುದಿಲ್ಲ. ಹೊಸ ರಕ್ತನಾಳ, ಹೊಸ ಜೀವಕೋಶ ಬಂದು ಅದು ನಿಧಾನವಾಗಿ ಲಿಗಮೆಂಟ್‌ನಂತೆ ಆಗಬೇಕು. ಈ ಬದಲಾವಣೆ ನಡೆಯುವಾಗ ಬಲ ಮೊದಲು ಕುಗ್ಗುತ್ತದೆ. ಎರಡು, ಮೂರನೇ ತಿಂಗಳ ಹೊತ್ತಿಗೆ ತುಂಬಾ ಸೂಕ್ಷ್ಮವಾಗಿರುತ್ತದೆ. ಊತ ಇಳಿದು, ಊರುಗೋಲು ಬಿಟ್ಟು, "ಸರಿಹೋಯ್ತು" ಅನಿಸುವುದೂ ಆಗಲೇ. ಆಮೇಲೆ ಆ ಗೆರೆ ತಿಂಗಳುಗಟ್ಟಲೆ ಮೆಲ್ಲಗೆ ಏರುತ್ತದೆ. ತಿರುಗಿ, ಜಿಗಿದು ಆಡುವ ಆಟಕ್ಕೆ ಕಡಿಮೆ ಅಂದರೂ 9 ತಿಂಗಳು ಕಾಯಿರಿ ಅನ್ನುವುದು ಇದಕ್ಕೇ.

ಹುಡುಗ ನನ್ನ ಕೈಯಿಂದ ಪೆನ್ನು ತಗೊಂಡ. ಗೆರೆ ತಗ್ಗಿದ ಜಾಗಕ್ಕೆ ಒಂದು ಸುತ್ತು ಹಾಕಿ, "ನಾನು ಓಡಿದ್ದು ಇಲ್ಲಿ" ಅಂದ. ಮುಂಚೆಯೇ ಇದನ್ನು ಬರೆದು ತೋರಿಸಿದ್ದರೆ ಅನ್ನುವ ನೋವು ನನಗೆ ಇವತ್ತಿಗೂ ಇದೆ.

ಈಗ ನಾನು ಹಿಂದಿನ ದಿನಕ್ಕೆ ಕಾಯುವುದಿಲ್ಲ. ಎರಡು ಮೂರು ವಾರ ಮುಂಚೆಯೇ ಕರೆಸುತ್ತೇನೆ, ಜೊತೆಗೆ ಮನೆಯವರೊಬ್ಬರು ಇರಬೇಕು. ಮುಕ್ಕಾಲು ಗಂಟೆ ಕೂರುತ್ತೇವೆ. ಎರಡು ಗೆರೆ ಎಳೆದು ವಿವರಿಸಿ, ಹಾಳೆ ಮಡಚಿ, ಪೆನ್ನು ಆಪರೇಷನ್ ಆಗಬೇಕಾದವರಿಗೇ ಕೊಡುತ್ತೇನೆ. "ಈಗ ನೀವು ಬರೆದು ಇವರಿಗೆ ಹೇಳಿ." "ಅರ್ಥ ಆಯ್ತಾ?" ಅಂತ ಕೇಳುವುದನ್ನು ಬಿಟ್ಟೇಬಿಟ್ಟೆ. ಅದಕ್ಕೆ ಎಲ್ಲರೂ ಹೂಂ ಅನ್ನುತ್ತಾರೆ, ಅಲ್ವಾ?

ಮುಂಚೆ ಕರೆಸಲು ಇನ್ನೊಂದು ಕಾರಣವೂ ಇದೆ. ಊದಿದ ಮಂಡಿ ತೊಡೆಯ ಮುಂಭಾಗದ ಸ್ನಾಯುವನ್ನು ಮಲಗಿಸಿಬಿಡುತ್ತದೆ. ಮಲಗಿಕೊಂಡು ಮಂಡಿಯನ್ನು ಹಾಸಿಗೆಗೆ ಒತ್ತಿ, ತೊಡೆ ಬಿಗಿ ಮಾಡಿ, ಐದು ಎಣಿಸುವ ವ್ಯಾಯಾಮವನ್ನು ಆಪರೇಷನ್‌ಗೆ ಮುಂಚೆಯೇ ಕಲಿಯಬೇಕು. ಕಾಲು ಪೂರ್ತಿ ನೆಟ್ಟಗೆ ಆಗಬೇಕು. ಬಿಗಿದ ಮಂಡಿಗೆ ಆಪರೇಷನ್ ಆದರೆ ಆಮೇಲೂ ಬಿಗಿಯಾಗಿಯೇ ಉಳಿಯುವ ಭಯ ಜಾಸ್ತಿ. ಮಂಡಿ ಕೆಳಗೆ ದಿಂಬು ಇಟ್ಟರೆ ಹಾಯಾಗಿರುತ್ತದೆ, ಆದರೆ ಬೇಡ. ದಿಂಬು ಹಿಮ್ಮಡಿ ಕೆಳಗಿರಲಿ. ಮೆಟ್ಟಿಲನ್ನು ಊರುಗೋಲು ಹಿಡಿದೇ ಅಭ್ಯಾಸ ಮಾಡಿಸುತ್ತೇನೆ. ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು.

"ಆಪರೇಷನ್ ಬೇಕೇ ಬೇಕಾ?" ಅಂತ ಕೆಲವರು ಮೆಲ್ಲಗೆ ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ ಅದು. 2010ರಲ್ಲಿ ಪ್ರಕಟವಾದ ಸ್ವೀಡನ್‌ನ ಒಂದು ಅಧ್ಯಯನದಲ್ಲಿ 59 ಜನ ಮೊದಲು ವ್ಯಾಯಾಮ ಮಾಡಿ ನೋಡಿದರು. ಎರಡು ವರ್ಷದೊಳಗೆ ಅವರಲ್ಲಿ 23 ಜನ ಆಪರೇಷನ್ ಮಾಡಿಸಿಕೊಂಡರು, ಉಳಿದವರು ಮಾಡಿಸಿಕೊಳ್ಳಲಿಲ್ಲ. ನಿಮ್ಮ ಮಂಡಿ ಎಷ್ಟು ಜಾರುತ್ತದೆ, ಏನು ಆಡಬೇಕು, ಮಂಡಿಯೊಳಗಿನ ಮೆತ್ತೆಯಂಥ ಮೆನಿಸ್ಕಸ್ ಹರಿದಿದೆಯಾ ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಸರ್ಜನ್ ಹತ್ತಿರ ಕೂತು ಮಾತಾಡಿ ಅಂತ ಕಳಿಸುತ್ತೇನೆ.

ಕೊನೆಯ ಐದು ನಿಮಿಷ ಮನೆಯವರಿಗೆ. ಗಾಯದ ಪಕ್ಕ ಅಂಗೈಯಷ್ಟು ಜಾಗ ಮರಗಟ್ಟಿದಂತೆ ಇರಬಹುದು. ಅದು ತುಂಬಾ ಜನರಿಗೆ ಆಗುತ್ತದೆ, ಗಾಬರಿ ಬೇಡ. ಆದರೆ ಮೀನಖಂಡ ಊದಿ ನೋಯುತ್ತಿದ್ದರೆ, ಜ್ವರ ಬಂದರೆ, ಗಾಯದಿಂದ ಕೀವು ಸೋರಿದರೆ ಬೆಳಗಾಗಲಿ ಅಂತ ಕಾಯಬೇಡಿ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ ನೇರ ತುರ್ತು ಚಿಕಿತ್ಸೆಗೆ ಹೋಗಿ. ಡಾಕ್ಟರಿಗೆ ಸುಮ್ನೆ ತೊಂದರೆ ಯಾಕೆ ಅಂತ ಫೋನ್ ಮಾಡದೆ ಇರುವವರೇ ಜಾಸ್ತಿ. ಅದಕ್ಕೇ ಆಸ್ಪತ್ರೆಯ ನಂಬರನ್ನು ನನ್ನ ಎದುರಿಗೇ ಅವರ ಫೋನಿನಲ್ಲಿ ಹಾಕಿಸಿ, ಒಂದು ಸಲ ಕರೆ ಮಾಡಿಸಿಯೇ ಕಳಿಸುತ್ತೇನೆ.